ಒಂದು ಗೇಣಿನ ಅಂತರ

ನಾನು ನೆಲಕ್ಕೆ ಕಿವಿಯಿಟ್ಟರೆ ಎರೆಹುಳು ಆಕಳಿಸಿದ್ದೂ ಕೇಳುತ್ತದೆ. ಇನ್ನು ಎರಡು ಕೊಳವೆಗಳ ಮಾತು ಯಾವ ಲೆಕ್ಕ! ನಮ್ಮ ಬೀದಿಯಡಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯ ಕೊಳವೆಯೂ ಅಕ್ಕತಂಗಿಯರಂತೆ ಒಂದು ಗೇಣು ಅಂತರದಲ್ಲಿ ಮಲಗಿದ್ದವು.

ಒಳಚರಂಡಿ ತಂಗಿ ಬೇಡಿದಳು: "ಅಕ್ಕಾ, ನನ್ನ ಮೈ ಬಿರುಕು ಬಿಟ್ಟು ಕೊಳಕು ಸೋರುತ್ತಿದೆ. ನಿನ್ನ ಕೀಲೂ ಸಡಿಲ. ನೀರು ಬಿಡುವ ನೀರಗಂಟಿ ಚೌಡಪ್ಪ ಸೋರಿಕೆ ಪತ್ತೆಗೆ ಕಬ್ಬಿಣದ ಸಲಾಕೆ ಊರಿ ನಿನ್ನ ದನಿಯನ್ನಷ್ಟೇ ಆಲಿಸುತ್ತಾನೆ. ಒಂದು ಮಾತು ಹೇಳು."

"ನಿನ್ನ ಹೆಸರೆತ್ತಿ ಬಾಯಿ ಮೈಲಿಗೆ ಮಾಡಿಕೊಳ್ಳಲೇ? ದೂರ ಸರಿ!"

"ಹೂತವಳು ಎಲ್ಲಿಗೆ ಸರಿಯಲಿ?"

ಚೌಡಪ್ಪ ಬಂದು ಸಲಾಕೆಗೆ ಕಿವಿಯಿಟ್ಟ. "ಎಲ್ಲ ನೆಟ್ಟಗಿದೆಯೇನವ್ವ?"

"ನನಗೇನಾಗಿದೆಯಪ್ಪ!" ಎಂದಳು ಅಕ್ಕ. ಅವನು ಆ ದಿನದ ಸರದಿ ಮುಗಿಯಿತೆಂದು ನೀರು ನಿಲ್ಲಿಸಿ ಹೋದ.

ನೀರಿಳಿದು ಬರಿದಾದ ಅಕ್ಕ ಉಸಿರೆಳೆದುಕೊಂಡಾಗ, ಸಡಿಲ ಕೀಲಿನಿಂದ ಕೊಳಕೂ ಒಳಬಂತು. ಮರುದಿನ ನಲ್ಲಿಯ ಮೊದಲ ಬಿಂದಿಗೆ ಹಿಡಿದು ಕುಡಿದದ್ದು ಚೌಡಪ್ಪನ ಮುದಿತಾಯಿ. ವಾಂತಿಭೇದಿಯಾಗಿ ಅವಳು ಮೂರು ದಿನವೂ ಉಳಿಯಲಿಲ್ಲ.

ತಿಥಿ ಮುಗಿಸಿ, ಬೋಳುತಲೆಯಲ್ಲಿ ಬಂದ ಚೌಡಪ್ಪ ನೆಲ ಅಗೆದ, ಬಿರುಕು ನೋಡಿದ. ಸಲಾಕೆಯನ್ನು ಅಕ್ಕನ ಮೇಲೆ ಊರಿ ಕೇಳಿದ: "ಗೊತ್ತಿದ್ದೂ ಹೇಳಲಿಲ್ಲವೇನವ್ವ?"

"ನಾನು ಕೂಗಿದೆನಣ್ಣ, ದಿನಾ ಕೂಗಿದೆ," ಎಂದು ತಂಗಿ ಅತ್ತಳು. ಸಲಾಕೆ ಅವಳ ಮೇಲಿರಲಿಲ್ಲ, ಚೌಡಪ್ಪನಿಗೆ ಕೇಳಲಿಲ್ಲ.