ಗಂಟು ಮುದ್ದೆ

ವೇದಾವತಿ ನದಿಯ ದಂಡೆಯಲ್ಲಿ ನಿರ್ವಾಣಯ್ಯ ಎಂಬ ಗುರುಗಳ ಆಶ್ರಮವಿತ್ತು. ಮಧ್ಯಾಹ್ನ ಪಾಠ ಮುಗಿದರೆ ಗುರುಗಳ ಬಾಯಿಗೂ ಬೀಗ. ಅಲ್ಲಿಂದ ದೀಪ ಹಚ್ಚುವವರೆಗೆ ನೀರು, ಸೌದೆ, ಅಡುಗೆ, ಜಗಳ, ರಾಜಿ ಎಲ್ಲವೂ ಮಕ್ಕಳದೇ. ಮುದ್ದೆ ತಿರುವುವ ಕೋಲು ಯಾರ ಕೈಯಲ್ಲಿದೆಯೋ ಅವರೇ ಸಂಜೆಯ ಯಜಮಾನರು.

ಆ ವರ್ಷ ಕೋಲು ಶಿಷ್ಯರಲ್ಲಿ ದೊಡ್ಡವನಾದ ಜುಂಜಪ್ಪನ ಕೈಯಲ್ಲಿತ್ತು.

ಗುರುಗಳು ಯಾತ್ರೆಗೆಂದು ಜೋಳಿಗೆ ಹೊಲಿಸಿಟ್ಟಿದ್ದರು. ಆಶ್ರಮ ನೋಡಿಕೊಳ್ಳಲು ಒಬ್ಬರು ಸಿಕ್ಕಿದರೆ ಹೊರಡುವುದೇ. ಆ ಒಬ್ಬ ತಾನಾಗಬೇಕೆಂದು ಜುಂಜಪ್ಪನಿಗೆ ಬಹಳ ಆಸೆ. ಅದಕ್ಕೇ ಯಾರಿಗೂ ಏನೂ ಬಿಡುತ್ತಿರಲಿಲ್ಲ. ನೀರು ತಾನೇ ಹೊತ್ತ, ಸೌದೆ ತಾನೇ ಒಡೆದ. ಪುಟ್ಟ ಚೌಡಿ ಕೋಲಿಗೆ ಕೈ ಹಾಕಿದರೆ, "ಮುಟ್ಟಬೇಡ, ಗಂಟು ಕಟ್ಟಿಸ್ತೀಯ" ಎಂದು ಗದರಿದ. ಅವನ ಮುದ್ದೆಯೋ, ಬೆಣ್ಣೆ ಸವರಿದಷ್ಟು ನುಣುಪು.

"ಗುರುಗಳೇ, ಯಾವತ್ತು ಹೊರಡ್ತೀರಿ?" ಒಂದು ಬೆಳಗ್ಗೆ ಪಾಠದ ನಡುವೆ ಕೇಳಿದ.

"ನಿನಗಿನ್ನೂ ಅಡುಗೆ ಬರಲ್ಲವಲ್ಲಪ್ಪ."

ಜುಂಜಪ್ಪನ ಮುಖ ಸಪ್ಪಗಾಯಿತು.

ಮರುದಿನ ಪಾಠ ಮುಗಿದೊಡನೆ ಗುರುಗಳು ಅವನನ್ನು ಆಚೆ ದಡಕ್ಕೆ ಕರೆದೊಯ್ದು ಬಂಡೆಯ ಮೇಲೆ ಕೂತರು.

"ಒಲೆ ಹಚ್ಚಬೇಕು ಗುರುಗಳೇ. ಹೊತ್ತಾಯ್ತು."

ಗುರುಗಳು ನೀರು ನೋಡುತ್ತ ಕೂತೇ ಇದ್ದರು.

ಹಿಂದಿರುಗಿದಾಗ ಒಲೆ ತಣ್ಣಗಿತ್ತು. ಮಕ್ಕಳು ಹಸಿದುಕೊಂಡು ಜಗಲಿಯ ಮೇಲೆ ಕೂತಿದ್ದರು.

"ನೀವೇ ಯಾಕೆ ಮಾಡ್ಕೊಳ್ಳಲಿಲ್ಲ?"

"ಮುಟ್ಟಬೇಡ ಅಂದಿದ್ದೆಯಲ್ಲ ಜುಂಜಣ್ಣ," ಅಂದಳು ಚೌಡಿ.

ಮಾರನೆಯ ಸಂಜೆ ಅವನು ಕೋಲನ್ನು ಚೌಡಿಯ ಕೈಗೆ ಕೊಟ್ಟು, ಹೇಳಿಕೊಡುತ್ತ ಪಕ್ಕದಲ್ಲಿ ನಿಂತ. ಸುಮ್ಮನೆ ನಿಲ್ಲುವುದೇ ಕಷ್ಟ, ಕೈ ತುರಿಸುತ್ತಿತ್ತು. ಎಸರು ಉಕ್ಕಿ ಒಲೆ ಆರಿತು. ಹಿಟ್ಟು ತಳ ಹಿಡಿಯಿತು. ಗುರುಗಳು ಆ ಮುದ್ದೆಯನ್ನು ಮುಖ ಸಿಂಡರಿಸದೆ ಉಂಡು ಎದ್ದರು.

ಬೆಳಗ್ಗೆ ಪಾಠದ ಹೊತ್ತಿಗೆ ಜುಂಜಪ್ಪ ಮೆಲ್ಲಗೆ ಕೇಳಿದ, "ಗುರುಗಳೇ, ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮಾಡಿದ ಮುದ್ದೆ ಹೇಗೆ ತಿಂದಿರಿ?"

"ಮುದ್ದೆ ಅಗಿಯೋ ಹಾಗಿಲ್ಲವಲ್ಲಪ್ಪ. ನುಂಗಿದೆ."

ಜುಂಜಪ್ಪನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಒಂದು ದಿನವೂ ಗುರುಗಳು ಅವನ ಕೈಯಿಂದ ಕೋಲು ಕಿತ್ತುಕೊಂಡಿರಲಿಲ್ಲ. ಅವರು ನುಂಗಿದ ಅಷ್ಟೂ ಗಂಟುಗಳ ಋಣ ತನ್ನ ಮೇಲಿದೆ ಅನ್ನಿಸಿತು.

ಮಳೆಗಾಲ ಬಂತು. ಉಪ್ಪು ತರಲು ಆಚೆ ಊರಿಗೆ ಹೋದ ಜುಂಜಪ್ಪ, ನದಿ ತುಂಬಿ ಅಲ್ಲೇ ಸಿಕ್ಕಿಬಿದ್ದ. ಬೆಳಗ್ಗೆ ನೀರಿಳಿದದ್ದೇ ತಡ, ಓಡಿ ಬಂದ.

ಮಕ್ಕಳೆಲ್ಲ ರಾತ್ರಿಯೇ ಉಂಡಿದ್ದರು. ಪಾತ್ರೆ ತೊಳೆದು ಬೋರಲು ಹಾಕಿದ್ದರು. ಕಿತ್ತಾಡಿದ ಇಬ್ಬರಿಗೆ ಚೌಡಿ ಒಂದೇ ತಟ್ಟೆಯಲ್ಲಿ ಬಡಿಸಿ ರಾಜಿ ಮಾಡಿಸಿದ್ದಳಂತೆ. ಜುಂಜಪ್ಪನ ಪಾಲಿನ ಮುದ್ದೆಯನ್ನೂ ಮುಚ್ಚಿಟ್ಟಿದ್ದರು.

ತಂಗಳು ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟ. ಗಂಟಿತ್ತು. ನುಂಗಿದ.

"ಹೇಗಿದೆ ಜುಂಜಣ್ಣ?"

"ಹೊಟ್ಟೆ ತುಂಬ್ತು ಕಣವ್ವ."

ಕೈ ಮುಗಿಯಬೇಕು ಅನ್ನಿಸಿತು. ಚೌಡಿಗೋ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುರುಗಳಿಗೋ ತಿಳಿಯದೆ ಇಬ್ಬರಿಗೂ ಮುಗಿದ.

ಗುರುಗಳು ಅಂದರು, "ನಿನಗೀಗ ಅಡುಗೆ ಬಂತು ಕಣಪ್ಪ. ಎಲ್ಲಿ, ಆ ಜೋಳಿಗೆ ಇತ್ತ ಕೊಡು."