ಮರಕ್ಕೊಬ್ಬ ಒಡೆಯ

"ಕೇಳಿರಪ್ಪೋ ಕೇಳಿ! ಹಿರೇಕೋಟೆಯ ವೀರದಂಡರಾಯರ ಅಪ್ಪಣೆ! ರಾಜಕುಮಾರಿ ಹೊನ್ನಾಜಿಯ ಕೈ ಹಿಡಿಯಬೇಕೆನ್ನುವವರು ನಾಳೆ ಸಭೆಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಮಗಳು. ತಪ್ಪಿದವನಿಗೆ ಹೊತ್ತು ಮುಳುಗುವಾಗ ತಲೆದಂಡ!"

ಡಂಗುರದವನು ಇಷ್ಟು ಸಾರಿ ಹೋದ. ರಾಜನಿಗೆ ಮಗಳನ್ನು ಕೊಡುವ ಮನಸ್ಸೇ ಇಲ್ಲ ಎನ್ನುವುದನ್ನು ಮಾತ್ರ ಸಾರಲಿಲ್ಲ. ಹೊನ್ನಾಜಿ ಯಾರ ಜೊತೆ ನಕ್ಕು ಮಾತಾಡಿದರೂ ರಾಜನಿಗೆ ಊಟ ಸೇರುತ್ತಿರಲಿಲ್ಲ. ಅವಳು ಸಾಕಿದ ಗಿಳಿಯನ್ನೂ ಅವನು ಹಾರಿಬಿಟ್ಟಿದ್ದ. ಅವನಿಗೆ ಮೆಚ್ಚುಗೆಯಾದದ್ದು ಒಂದೇ ಒಂದು ಪ್ರಾಣಿ, ಕಿಟಕಿಯಾಚೆ ಮಾವಿನ ಮರದಲ್ಲಿರುವುದು. ದಿನಾ ಬೆಳಿಗ್ಗೆ ಅದನ್ನು ನೋಡಿ ನೋಡಿಯೇ ಒಗಟು ಕಟ್ಟಿದ್ದ.

ಆ ಮನೆತನದಲ್ಲಿ ಒಂದು ಪದ್ಧತಿ. ಎರಡು ಒಗಟು ತಂದೆಯದು, ಮೂರನೆಯದು ಮಗಳದು. ಮಗಳು ತನ್ನ ಉತ್ತರವನ್ನು ಮೊದಲೇ ಬುಟ್ಟಿಯಡಿ ಮುಚ್ಚಿಡಬೇಕು. ಮೂರನೆಯದರವರೆಗೆ ಯಾರು ಬರುತ್ತಾರೆ ಎಂದುಕೊಂಡ ರಾಜ ಆ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಸಭೆ ತುಂಬಿತು. ಮುಂದಿನ ಸಾಲಿನಲ್ಲಿ ನೆರೆರಾಜ್ಯದ ಚಂದ್ರಸೇನ, ಮಂತ್ರಿಯ ಮಗ ಧರಣೇಂದ್ರ. ಕಂಬದ ಮರೆಯಲ್ಲಿ ಎಲೆತೋಟದ ಚಿಕ್ಕಬೊಮ್ಮ. ಅರಮನೆಗೆ ದಿನಾ ವೀಳ್ಯದೆಲೆ ತರುವವನು ಅವನೇ. ಹೊನ್ನಾಜಿ ಎಲೆ ಎಣಿಸಿಕೊಳ್ಳುವ ನೆಪದಲ್ಲಿ ಅವನನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದಳು. ಅವನೂ ಎಣಿಕೆ ತಪ್ಪಿಸುತ್ತಿದ್ದ. ಈಗ ಚಂದ್ರಸೇನ ಮೀಸೆ ತಿರುವುತ್ತಾ ಅವಳತ್ತ ನೋಡಿದ. ಚಿಕ್ಕಬೊಮ್ಮನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು.

ರಾಜ ಮೊದಲ ಒಗಟು ಹೇಳಿದ: "ಅವನ ಬೆನ್ನ ಮೇಲೆ ಗರಗಸದ ಹಲ್ಲು. ಕುತ್ತಿಗೆಯಲ್ಲಿ ರಕ್ತದ ಬಣ್ಣ, ಆದರೆ ಗಾಯವಿಲ್ಲ. ಮರದ ಮೇಲೆ ದಂಡ ಹೊಡೆಯುತ್ತಾನೆ, ಗರಡಿ ಕಂಡವನಲ್ಲ. ಯಾರವನು?"

"ಹುಂಜ!" ಎಂದ ಚಂದ್ರಸೇನ ಠೀವಿಯಿಂದ.

"ನಿಮ್ಮೂರ ಹುಂಜ ದಂಡ ಹೊಡೆಯುತ್ತದೆಯೋ? ಕರೆದುಕೊಂಡು ಹೋಗಿ ಇವನನ್ನು."

ಧರಣೇಂದ್ರ ಬೆವರು ಒರೆಸಿಕೊಂಡ. "ಬಣ್ಣದ ಮಾತು ಬಂತಲ್ಲ ಪ್ರಭು, ಅದು ಗೋಸುಂಬೆ."

"ಗೋಸುಂಬೆ ಬಾಲ ಸುರುಳಿ ಸುತ್ತಿಕೊಂಡು, ಒಂದು ಹೆಜ್ಜೆಗೆ ನಾಲ್ಕು ಸಲ ತೂಗಾಡುತ್ತದೆ. ದಂಡ ಹೊಡೆಯುವ ಚೈತನ್ಯ ಅದಕ್ಕೆಲ್ಲಿ? ಇವನನ್ನೂ ಕರೆದುಕೊಂಡು ಹೋಗಿ."

ಇಬ್ಬರನ್ನೂ ಸೆರೆಮನೆಗೆ ಎಳೆದೊಯ್ದಾಗ ಚಿಕ್ಕಬೊಮ್ಮನಿಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳವೇ ಖುಷಿಯಾಯಿತು. ಆ ಖುಷಿಯಲ್ಲೇ ಕಂಬದ ಮರೆಯಿಂದ ಈಚೆ ಬಂದುಬಿಟ್ಟ.

"ಓತಿಕ್ಯಾತ, ಬುದ್ಧೀ. ಗಂಡು ಓತಿಕ್ಯಾತ. ಹೆಣ್ಣಿಗೆ ಆ ಕೆಂಪಿಲ್ಲ."

ರಾಜ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎಲೆ ತರುವವನು! ಮಗಳು ನಗುತ್ತಿದ್ದುದು ಇವನ ಜೊತೆಯೇ! ಹಲ್ಲು ಕಚ್ಚಿಕೊಂಡು ಎರಡನೆಯದನ್ನು ಹೇಳಿದ:

"ತೋಟದ ತುಂಬ ಮರ, ಮರಕ್ಕೊಬ್ಬ ಒಡೆಯ. ಒಂದೊಂದು ಮರದಲ್ಲೂ ಹತ್ತು ಜನಕ್ಕೆ ಸಾಕಾಗುವಷ್ಟು ಜಾಗವಿದೆ, ಹುಳುಹುಪ್ಪಟೆಯಿದೆ. ಬೇಲಿಯಿಲ್ಲ, ಕಾವಲಿಲ್ಲ. ಆದರೂ ಇನ್ನೊಬ್ಬ ಗಂಡು ಬಂದು ಕೂರುವಂತಿಲ್ಲ. ತಡೆಯುವುದು ಏನು?"

ಚಿಕ್ಕಬೊಮ್ಮ ಯೋಚಿಸಲೂ ಇಲ್ಲ. "ಹೊಟ್ಟೆಕಿಚ್ಚು, ಬುದ್ಧೀ."

"ಯಾರು ಹೇಳಿಕೊಟ್ಟರು ನಿನಗೆ?"

"ಯಾರು ಹೇಳಿಕೊಡಬೇಕು? ಆಗಿನಿಂದ ನನ್ನ ಹೊಟ್ಟೇಲೇ ಉರೀತಾ ಐತಲ್ಲ."

ಸಭೆ ಗೊಳ್ಳೆಂದಿತು. ರಾಜನಿಗೆ ನಗು ಬರಲಿಲ್ಲ. ಹೊನ್ನಾಜಿ ಎದ್ದು ಬುಟ್ಟಿಯ ಪಕ್ಕ ನಿಂತಳು. ಇವನು ತಪ್ಪಿದರೆ ಇವನ ತಲೆಯೂ ಉಳಿಯದು.

"ನನ್ನ ಒಗಟು ಇಷ್ಟೇ. ಈ ಸಭೆಯಲ್ಲಿರುವ ದೊಡ್ಡ ಓತಿಕ್ಯಾತ ಯಾರು? ಉತ್ತರ ಇದರಡಿ ಇದೆ."

ಎಲ್ಲರ ಕಣ್ಣೂ ಸಿಂಹಾಸನದತ್ತ ಹೋಗಿ ಗಡಬಡಿಸಿ ನೆಲಕ್ಕಿಳಿಯಿತು. ಆ ಹೆಸರು ಹೇಳಿದರೆ ಹೊತ್ತು ಮುಳುಗುವ ತನಕವೂ ಕಾಯುವುದು ಬೇಡ. ಚಿಕ್ಕಬೊಮ್ಮ ರಾಜನನ್ನು ನೋಡಿದ, ಚಂದ್ರಸೇನ ಕೂತಿದ್ದ ಖಾಲಿ ಪೀಠವನ್ನು ನೋಡಿದ. ಕೊನೆಗೆ ತನ್ನ ಕುತ್ತಿಗೆ ಮುಟ್ಟಿಕೊಂಡ. ಅದು ಇನ್ನೂ ಬಿಸಿಯಾಗಿತ್ತು.

"ನಾನೇ, ಅಮ್ಮಣ್ಣಿ. ಅವರು ಸಾಯಲಿ ಅಂತ ಒಳಗೊಳಗೇ ಕುಣಿದೋನು ನಾನು. ನನಗಿಂತ ದೊಡ್ಡ ಓತಿಕ್ಯಾತ ಇನ್ನೆಲ್ಲಿ?"

ರಾಜ ಚಪ್ಪಾಳೆ ತಟ್ಟಿದ. "ತಪ್ಪು! ಎಲೆ ಮಾರುವವನ ಹೆಸರನ್ನು ನನ್ನ ಮಗಳು ಬುಟ್ಟಿಯಡಿ ಇಟ್ಟುಕೊಂಡಾಳೇ?" ಎನ್ನುತ್ತ ತಾನೇ ಇಳಿದು ಬಂದು ಬುಟ್ಟಿ ಎತ್ತಿದ.

ಅಡಿಯಲ್ಲಿ ಕನ್ನಡಿಯಿತ್ತು. ಅದರೊಳಗಿಂದ ಕಿರೀಟ ತೊಟ್ಟ ಒಬ್ಬ ಮುದುಕ, ಕುತ್ತಿಗೆ ಕೆಂಪೇರಿಸಿಕೊಂಡು, ದುರುಗುಟ್ಟಿ ನೋಡುತ್ತಿದ್ದ.

"ಅಪ್ಪಾಜಿ," ಎಂದಳು ಹೊನ್ನಾಜಿ ಮೆಲ್ಲಗೆ, "ಬೇರೆ ಯಾರ ಹೆಸರು ಹೇಳಿದ್ದರೂ ತಪ್ಪಾಗುತ್ತಿತ್ತು. ತನ್ನನ್ನು ತಾನು ಗುರುತಿಸಿಕೊಂಡವನು ಸರಿ."

ರಾಜ ಬಹಳ ಹೊತ್ತು ಕನ್ನಡಿ ಬಿಡಲಿಲ್ಲ. ಆಮೇಲೆ ಅದನ್ನು ಬೋರಲು ಹಾಕಿ, ಮಗಳ ಕೈಯನ್ನು ಚಿಕ್ಕಬೊಮ್ಮನ ಕೈಯಲ್ಲಿಟ್ಟ. ಇಟ್ಟ ಕೈಯನ್ನು ಬಿಡುವುದಕ್ಕೆ ಮಾತ್ರ ಸ್ವಲ್ಪ ತಡಮಾಡಿದ.

"ಇನ್ನೇನು ಬೇಕು, ಕೇಳು."

ಚಿಕ್ಕಬೊಮ್ಮ ಹೊನ್ನಾಜಿಯ ಮುಖ ನೋಡಿದ. ಅವಳು ಸೆರೆಮನೆಯ ಕಡೆ ಕಣ್ಣು ಹಾಯಿಸಿದಳು. ಅದೂ ಅವನಿಗೆ ಚುಚ್ಚಿತು. ಆದರೂ ಹೇಳಿದ, "ಅವರಿಬ್ಬರ್ನೂ ಬಿಟ್ಬಿಡಿ, ಬುದ್ಧೀ. ಬದುಕ್ಕೊಳ್ಳಲಿ. ಆದ್ರೆ... ದೂರದ ಮರಕ್ಕೆ ಕಳಿಸಿ."

ಅಂದು ವೀರದಂಡರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. ಇಬ್ಬರೂ ತಲೆ ಉಳಿಸಿಕೊಂಡು ದೂರದ ಊರು ಸೇರಿದರು. ಮದುವೆ ವಿಜೃಂಭಣೆಯಿಂದ ನಡೆಯಿತು. ಅರ್ಧ ರಾಜ್ಯವೂ ಅಳಿಯನಿಗೆ ಸಂದಿತು.

ಅರಮನೆಯಲ್ಲಿ ನೂರು ಕೋಣೆ ಖಾಲಿ ಬಿದ್ದಿದ್ದರೂ ಅಳಿಯನಿಗೆಂದು ರಾಜ ಹೊಳೆಯಾಚೆ ಹೊಸ ಮನೆ ಕಟ್ಟಿಸಿದ. ಯಾಕೆಂದು ಕೇಳಿದವರಿಗೆಲ್ಲ ಎರಡನೆಯ ಒಗಟನ್ನೇ ಹೇಳಿ ಕಳಿಸುತ್ತಿದ್ದ.