ಜಗಲಿಯೇರಿದ ಸಿಪಾಯಿ ಲಗಮಣ್ಣ

ಬಹಳ ಹಿಂದೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಎರೆಗಟ್ಟಿ ಎಂಬ ಊರಿನಲ್ಲಿ ಲಗಮಣ್ಣ ಎಂಬ ಒಬ್ಬ ಮನುಷ್ಯನಿದ್ದ. ಊರು ಈಗಲೂ ಇದೆ. ಆ ಕಾಲ ಮಾತ್ರ ಹೋಯಿತು.

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಕೈ ತೊಳೆಯದವರು ಈ ಪೆಟ್ಟಿಗೆಯನ್ನು ಮುಟ್ಟಬಾರದು. ಇದು ಈ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬರುವ ಪೆಟ್ಟಿಗೆ. ಗಂಡಸರ ಕೈಗೆ ಇದರ ಬೀಗದ ಕೈ ಕೊಡುವ ಪದ್ಧತಿ ಇಲ್ಲ. ಇದರಲ್ಲಿ ಎರಡು ಪದಕಗಳಿವೆ, ಒಂದು ತಗಡಿನ ಚಮಚವಿದೆ, ನೆಗ್ಗಿದ ನೀರಿನ ಬಾಟಲಿಯಿದೆ, ನಾಲ್ಕೇ ಸಾಲಿನ ಒಂದು ಕಾಗದವಿದೆ, ಮೂಲೆ ಕತ್ತರಿಸಿದ ಒಂದು ಕೌದಿಯಿದೆ. ಮೂರನೆಯ ಪದಕ ದೇವರ ಕೋಣೆಯಲ್ಲಿ, ಜಗಲಿಯ ಮೇಲೆ, ಹಿರಿಯರ ಸಾಲಿನಲ್ಲಿದೆ. ಅದು ಯಾಕೆ ಪೆಟ್ಟಿಗೆಗೆ ಇಳಿಯುವುದಿಲ್ಲ ಎಂಬುದೇ ಈ ಕಥೆ. ನನ್ನ ಅತ್ತೆ ಹೇಳಿದ ಹಾಗೆ ಹೇಳುತ್ತೇನೆ. ಊರಿನವರು ಸೇರಿಸಿದ್ದನ್ನು ಊರಿನವರ ಹೆಸರಿನಲ್ಲಿಯೇ ಹೇಳುತ್ತೇನೆ.

ಲಗಮಣ್ಣ ಒಂದು ಕೈಯಿಂದ ಬಂಡಿಯ ಗಾಲಿ ಎತ್ತುತ್ತಿದ್ದನಂತೆ. ಒಂದೇ ಊಟಕ್ಕೆ ಹನ್ನೊಂದು ಜೋಳದ ರೊಟ್ಟಿ ತಿನ್ನುತ್ತಿದ್ದನಂತೆ. ಒಂದು ದಿನ ಸೈನ್ಯಕ್ಕೆ ಜನ ಬೇಕೆಂದು ಡಂಗುರ ಸಾರುತ್ತ ಕೆಲವರು ಬಂದರಂತೆ. ಲಗಮಣ್ಣ ಶೌರ್ಯಕ್ಕಾಗಿ ಹೋದ ಎಂದು ಊರಿನವರು ಹೇಳುತ್ತಾರೆ. ಬೂಟಿಗಾಗಿ ಹೋದ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಆಗ ಎರೆಗಟ್ಟಿಯಲ್ಲಿ ಯಾರ ಕಾಲಿಗೂ ಬೂಟು ಇರಲಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ. ತಾಯಿ ಬಾಳವ್ವ, ಹೆಂಡತಿ ತಂಗೆವ್ವ. ತಂಗೆವ್ವ ಮದುವೆಯಾಗಿ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಗಂಡ ಹೊರಡುವ ದಿನ ಅವಳು ಅಳಲಿಲ್ಲವಂತೆ. ತಾವಿಬ್ಬರೂ ಹೊದೆಯುತ್ತಿದ್ದ ಕೌದಿಯ ಒಂದು ಮೂಲೆಯನ್ನು ಕೊಯ್ದಳಂತೆ. ಆ ತುಂಡಿನಿಂದ ಎಲೆ ಅಡಿಕೆಯ ಸಂಚಿ ಹೊಲಿದಳಂತೆ. ಅದನ್ನು ಅವನ ಸೊಂಟಕ್ಕೆ ತಾನೇ ಕಟ್ಟಿದಳಂತೆ. ಅವನು ಹೊಳೆ ದಾಟಿ ಹೋದ. ಆಮೇಲೆ ಸಮುದ್ರವನ್ನೂ ದಾಟಿ ಹೋದ.

ಅಲ್ಲಿ ಮರಳು, ಮರಳು, ಬರೀ ಮರಳು. ಗುಂಡು ಹಾರುತ್ತಿರುವಾಗ ಲಗಮಣ್ಣ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಗಾಯಗೊಂಡವರ ಬಾಯಿಗೆ ನೀರು ಬಿಟ್ಟನಂತೆ. ಬೆನ್ನ ಮೇಲೆ ಹೊತ್ತು ತಂದನಂತೆ. ಮೂವರನ್ನು ತಂದ ಎಂದು ಅತ್ತೆ ಹೇಳುತ್ತಿದ್ದರು. ಊರಿನವರು ಏಳು ಎನ್ನುತ್ತಾರೆ. ಹೊಳೆಯ ಆಚೆಯವರು ಒಂದು ಕುದುರೆಯನ್ನೂ ಸೇರಿಸುತ್ತಾರೆ. ಕುದುರೆಯ ಮಾತು ಸುಳ್ಳು. ಮೂರನೆಯವನನ್ನು ತರುವಾಗ ಅವನ ಕಾಲಿಗೆ ಗುಂಡು ತಗುಲಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ಎದೆಗೆ ಬೆಳ್ಳಿಯ ಪದಕ ಹಚ್ಚಿದರು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಈ ಬೆಳ್ಳಿ ಕಂಡರೆ ಮಗ ಚೆನ್ನಾಗಿದ್ದಾನೆ ಎಂದು ತಾಯಿಗೆ ತಿಳಿದೀತು, ಮನೆಗೆ ಕಳಿಸಿಬಿಡಿ ಎಂದು ಕೇಳಿಕೊಂಡನಂತೆ. ಅವರು ಕಳಿಸಿದರು. ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದರು.

ತಪ್ಪಾದದ್ದು ಅಲ್ಲಿಯೇ.

ಆ ಸೀಮೆಯಲ್ಲಿ ಯುದ್ಧದಿಂದ ಅಂಥ ಕಟ್ಟು ಅದಕ್ಕೆ ಮೊದಲು ಒಂದೇ ಒಂದು ಬಂದಿತ್ತು, ಹೊಳೆಯ ಆಚೆಯ ಊರಿಗೆ. ಅದು ಸತ್ತವನ ಕಟ್ಟು. ಹಾಗಾಗಿ ಇದೂ ಸತ್ತವನ ಕಟ್ಟು ಎಂದು ಎರೆಗಟ್ಟಿ ನಂಬಿತು. ಕಾಗದ ಓದುವವರು ಯಾರೂ ಇರಲಿಲ್ಲ. ಬಾಳವ್ವ ಎದೆ ಬಡಿದುಕೊಂಡಳಂತೆ. ಮನೆಯಲ್ಲಿ ಸತ್ತವರಿಗೆ ಬೆಳ್ಳಿಯ ತಗಡಿನಲ್ಲಿ ಮುಖ ಮಾಡಿಸಿ ದೇವರ ಜಗಲಿಯ ಮೇಲೆ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಬಾಳವ್ವ ಪದಕವನ್ನು ಹಿಡಿದುಕೊಂಡು ಪತ್ತಾರ ಮೌನೇಶಪ್ಪನ ಮನೆಗೆ ಹೋದಳು. ಇದನ್ನು ಕರಗಿಸಿ ಮಗನ ಮುಖ ಮಾಡಿಕೊಡು ಎಂದಳು. ಮೌನೇಶಪ್ಪ ಪದಕವನ್ನು ತಿರುಗಿಸಿ ನೋಡಿ, ಇದರ ಮೇಲೆ ಆಗಲೇ ಒಂದು ಮುಖ ಇದೆಯಲ್ಲ, ಕರಗಿಸಿದರೆ ಪಾಪ ಬಂದೀತು ಎಂದನಂತೆ. ಅದು ಯಾರೋ ಪರದೇಶದ ರಾಜನ ಮುಖ. ಬಾಳವ್ವನ ಕಣ್ಣು ಆಗಲೇ ಮಂಜಾಗಿತ್ತು. ಅವಳು ಹೆಬ್ಬೆರಳಿನಿಂದ ಆ ಮುಖವನ್ನು ಸವರಿದಳಂತೆ.

“ಹೌದಪಾ, ಮೂಗು ನನ್ನ ಮಗಂದ,” ಎಂದಳಂತೆ.

ಹೀಗೆ ಆ ರಾಜ ನಮ್ಮ ಜಗಲಿಯೇರಿದ. ಅಮಾವಾಸ್ಯೆಗೊಮ್ಮೆ ಅವನಿಗೆ ಹುಣಸೆಹಣ್ಣಿನ ಸ್ನಾನ, ಕುಂಕುಮ, ಎಡೆ. ಬಾಳವ್ವ ಅವನ ಮೂಗು ಸವರಿ ನಮಸ್ಕಾರ ಮಾಡುತ್ತಿದ್ದಳು.

ಓಣಿಯ ಹೆಂಗಸರು ತಂಗೆವ್ವನ ಬಳೆ ಒಡೆಯಲು ಬಂದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳಂತೆ.

“ಬೆಳ್ಳಿ ಬಂತು, ಸಂಚಿ ಬರಲಿಲ್ಲ. ಸತ್ತಿದ್ರ ಸಂಚೀನೂ ಬರ್ತಿತ್ತು. ಸಂಚಿ ಬಂದ ದಿನಾ ನಾನ ಬಳಿ ತಗೀತೀನಿ. ಅಲ್ಲೀತನಾ ನನ್ನ ಕೈ ಮುಟ್ಟಬ್ಯಾಡ್ರಿ.”

ಬಾಳವ್ವ ಸೊಸೆಯೊಡನೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಜಗಲಿ. ಅತ್ತೆಗೆ ಅವನು ಸತ್ತಿದ್ದಾನೆ, ಸೊಸೆಗೆ ಬದುಕಿದ್ದಾನೆ. ಅಮಾವಾಸ್ಯೆಯ ಅಡುಗೆಯನ್ನು ತಂಗೆವ್ವನೇ ಮಾಡುತ್ತಿದ್ದಳಂತೆ. ಹೋಳಿಗೆ ಹರಿಯದ ಹಾಗೆ ಮಾಡುತ್ತಿದ್ದಳಂತೆ. ಆದರೆ ಎಡೆಯನ್ನು ಅವಳು ಜಗಲಿಯ ಮುಂದೆ ಇಡುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು ಅವಳನ್ನು ಕೆಣಕುತ್ತಿದ್ದರು.

“ಏನವಾ ತಂಗೆವ್ವಾ, ಜಗಲಿ ಮ್ಯಾಲಿನ ಗಂಡಗ ಬಿಸಿ ರೊಟ್ಟಿ ಕೊಡ್ತೀಯೋ, ತಂಗಳಾ ಕೊಡ್ತೀಯೋ?”

“ನೀ ನಿನ್ನ ಗಂಡಗ ಏನ್ ಕೊಡ್ತೀಯೋ ಅದನ್ನ. ನಿನ್ನಂವನೂ ಮಾತಾಡೂದಿಲ್ಲಲ್ಲ!”

ಒಂದು ವರ್ಷವಾಯಿತು. ಮೂರಾಯಿತು. ಆರಾಯಿತು. ಬಳೆಗಾರ ಬಂದಾಗಲೆಲ್ಲ ತಂಗೆವ್ವ ಅಂಗಳಕ್ಕೆ ಇಳಿದು, ಎಲ್ಲರೂ ನೋಡುತ್ತಿರುವಾಗ, ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದಳಂತೆ. ಮದುವೆಗೆ ಅವಳನ್ನು ಕರೆಯುವುದನ್ನು ಊರು ಬಿಟ್ಟಿತು. ಕುಂಕುಮ ಕೊಡುವವರು ಅವಳನ್ನು ದಾಟಿ ಮುಂದಿನವಳಿಗೆ ಕೊಡುತ್ತಿದ್ದರಂತೆ.

ಏಳನೆಯ ವರ್ಷದ ಮಹಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆಲ್ಲ ಎಡೆ ಇಡುವ ದಿನ ಅದು. ಮಧ್ಯಾಹ್ನ ಬಾಳವ್ವ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಮಗನೇ ಬಂದು ಊಟ ಮಾಡು ಎಂದು ಕೈ ಮುಗಿದಳಂತೆ. ಆಗಲೇ ಬಾಗಿಲಲ್ಲಿ ಒಬ್ಬ ಕುಂಟ ಬಂದು ನಿಂತ. ಎದೆಯವರೆಗೆ ಗಡ್ಡ, ಕಾಲಿಗೆ ಬೂಟಿಲ್ಲ.

“ಯವ್ವಾ, ನಾ ಬಂದೀನಿ.”

ಬಾಳವ್ವ ಹೆದರಲಿಲ್ಲವಂತೆ. ಕರೆದ ಹಿರಿಯ ಕರೆದ ಹೊತ್ತಿಗೆ ಬಂದರೆ ಅದರಲ್ಲಿ ಹೆದರುವುದೇನಿದೆ?

“ಬಾಪಾ, ಭಾಳ ದೂರದಿಂದ ಬಂದಿ. ಎಡಿ ಇಟ್ಟೀವಿ, ಉಂಡು ಹೋಗು.”

“ಉಂಡು ಹೋಗಾಕ ಅಲ್ಲಬೇ ಯವ್ವಾ. ಇರಾಕ ಬಂದೀನಿ.”

ಆಗ ಬಾಳವ್ವ ಎದ್ದು ಬಂದು ಅವನ ಮುಖವನ್ನು ಹೆಬ್ಬೆರಳಿನಿಂದ ಸವರಿದಳು. ಆರು ವರ್ಷ ಅವಳ ಬೆರಳಿಗೆ ಆ ರಾಜನ ಮೂಗೇ ರೂಢಿಯಾಗಿತ್ತು. ಲಗಮಣ್ಣನ ಮೂಗು ಶತ್ರುಗಳ ಸೆರೆಯಲ್ಲಿ ಮುರಿದಿತ್ತು ಎಂದು ಊರಿನವರು ಹೇಳುತ್ತಾರೆ. ಮೊದಲಿನಿಂದಲೂ ಮೊಂಡೇ ಇತ್ತು ಎಂದು ನನ್ನ ಅತ್ತೆ ಹೇಳುತ್ತಿದ್ದರು.

“ಈ ಮೂಗು ನನ್ನ ಮಗಂದಲ್ಲ,” ಎಂದಳು ಬಾಳವ್ವ.

ಊರು ಕೂಡಿತು. ಯಾವನೋ ಹೊಲದ ಆಸೆಗೆ ಬಂದಿದ್ದಾನೆ ಎಂದು ಕೆಲವರು ಹೇಳಿದರಂತೆ. ಹೌದು, ಅಲ್ಲ, ಹೌದು, ಅಲ್ಲ ಎಂದು ಸಂಜೆಯವರೆಗೂ ಮಾತಾಯಿತಂತೆ. ಕೊನೆಗೆ ಎಲ್ಲರ ಕಣ್ಣೂ ತಂಗೆವ್ವನ ಮೇಲೆ ಬಿತ್ತು. ಅಲ್ಲ ಎಂದರೆ ಅವನು ಬೀದಿಗೆ ಹೋಗುತ್ತಾನೆ. ತಪ್ಪಾಗಿ ಹೌದು ಎಂದರೆ ಅವಳು ಪರಗಂಡಸನ್ನು ಮನೆಗೆ ಕರೆದುಕೊಂಡವಳಾಗುತ್ತಾಳೆ. ತಂಗೆವ್ವ ಅವನ ಮುಖವನ್ನು ನೋಡಲಿಲ್ಲವಂತೆ, ಅವನ ಸೊಂಟವನ್ನು ನೋಡಿದಳಂತೆ.

“ಸಂಚಿ ಎಲ್ಲಿ?”

ಲಗಮಣ್ಣ ತಲೆ ತಗ್ಗಿಸಿದ. ಸಂಚಿ ಇಲ್ಲ ಎಂದ. ಕಾಲು ವಾಸಿಯಾದ ಮೇಲೆ ಮತ್ತೆ ಯುದ್ಧಕ್ಕೆ ಹೋದದ್ದನ್ನು, ಶತ್ರುಗಳ ಕೈಗೆ ಸಿಕ್ಕದ್ದನ್ನು, ಮರಳಿನ ಮೇಲೆ ತಿಂಗಳುಗಟ್ಟಲೆ ನಡೆಸಿಕೊಂಡು ಹೋದದ್ದನ್ನು ಹೇಳಿದ. ಅಲ್ಲಿ ಅವನಿಗೆ ಒಬ್ಬ ಜೋಡಿದಾರ ಸಿಕ್ಕಿದ್ದ. ಅವನ ಭಾಷೆ ಇವನಿಗೆ ಬರುತ್ತಿರಲಿಲ್ಲ, ಇವನ ಭಾಷೆ ಅವನಿಗೆ ಬರುತ್ತಿರಲಿಲ್ಲ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಚಮಚ. ಮನೆಯಲ್ಲಿ ಯಾರಿದ್ದಾರೆ ಎಂದು ಸನ್ನೆ ಮಾಡಿ ಕೇಳಿದರೆ ಜೋಡಿದಾರ ಬರಿಗೈ ತೋರಿಸುತ್ತಿದ್ದನಂತೆ. ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಬರಿಗೈಯಲ್ಲಿ ಮಣ್ಣಿಗೆ ಕಳಿಸಲು ಲಗಮಣ್ಣನಿಗೆ ಮನಸ್ಸಾಗಲಿಲ್ಲ. ಸಂಚಿಯನ್ನು ಅವನ ಕೈಯಲ್ಲಿ ಇಟ್ಟು ಮರಳು ಮುಚ್ಚಿದ.

ತಂಗೆವ್ವ ಒಳಗೆ ಹೋಗಿ ಕೌದಿಯನ್ನು ತಂದಳು. ಮಡಿಕೆ ಬಿಚ್ಚಲಿಲ್ಲ. ಯಾವ ತುಂಡು ಕೊಯ್ದದ್ದು ಎಂದು ಕೇಳಿದಳು.

“ಎಡಗಡೆ ಕಾಲ್ಮೂಲಿ. ಹಸರು ಇಳಕಲ್ ಸೀರಿ ದಡಿ, ನಿಮ್ಮವ್ವಂದು. ಕತ್ತರಿ ಸಿಗಲಿಲ್ಲಂತ ಕುಡಗೋಲಲೆ ಕೊಯ್ದಿ. ಒಂದ್ ಕಡೆ ಸೊಟ್ಟ ಆತು. ಯಾರಿಗೂ ಹೇಳಬ್ಯಾಡ ಅಂದಿದ್ದಿ. ಇವತ್ತಿನತನಾ ಹೇಳಿಲ್ಲ.”

ಅವಳು ಕೌದಿಯನ್ನು ಬಿಚ್ಚಿ ಎಲ್ಲರ ಮುಂದೆ ಹರವಿದಳು. ಎಡಗಡೆಯ ಕೆಳಮೂಲೆಯೇ ಇರಲಿಲ್ಲ. ಒಂದು ಕಡೆ ಸೊಟ್ಟ.

“ಅತ್ತೀ,” ಎಂದಳಂತೆ ತಂಗೆವ್ವ, ಆರು ವರ್ಷದಲ್ಲಿ ಮೊದಲ ಸಲ. “ಮೂಗು ಯಾರದರ ಇರಲಿ, ಮನಷ್ಯಾ ನಮ್ಮಂವ.”

ಆದರೆ ಸತ್ತವನೆಂದು ಆರು ವರ್ಷ ಎಡೆ ಉಂಡವನನ್ನು ಮತ್ತೆ ಮನೆಯೊಳಗೆ ಕರೆದುಕೊಳ್ಳುವುದು ಹೇಗೆ? ಮಠದ ಅಯ್ಯನವರು ಯೋಚಿಸಿ, ಸತ್ತವನು ಹುಟ್ಟಿ ಬರಲಿ ಎಂದರಂತೆ. ಆರಡಿಯ ಸಿಪಾಯಿಗೆ ತೊಟ್ಟಿಲು ಎಲ್ಲಿ ಸಿಗಬೇಕು? ಬಂಡಿಯ ನೊಗಕ್ಕೆ ಎರಡು ಸೀರೆ ಕಟ್ಟಿದರು. ಅವನ ಗಡ್ಡ ಬೋಳಿಸಿ, ತಲೆಗೆ ಕೂಸಿನ ಕುಲಾವಿ ಕಟ್ಟಿ, ಅದರಲ್ಲಿ ಮಲಗಿಸಿ ತೂಗಿದರು. ಬಾಳವ್ವ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೇಳಿ ಲಗಮಣ್ಣ ಎಂಬ ಅದೇ ಹೆಸರನ್ನು ಇಟ್ಟಳು. ಪದ್ಧತಿಯ ಪ್ರಕಾರ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ತೂಗುವಾಗ ಸೀರೆ ಹರಿದು ಕೂಸು ನೆಲಕ್ಕೆ ಬಿತ್ತು ಎಂದು ಊರಿನವರು ಹೇಳುತ್ತಾರೆ. ಇದು ನಿಜ.

ಆಮೇಲೆ ಜಗಲಿಯ ಮೇಲಿನ ಪದಕದ ಮಾತು ಬಂತು. ಮನುಷ್ಯ ಬದುಕಿ ಬಂದಿದ್ದಾನೆ, ಇನ್ನು ಅದನ್ನು ಇಳಿಸಬೇಕು ಎಂದರು. ಬಾಳವ್ವ ಎರಡೂ ಕೈ ಚಾಚಿ ಅಡ್ಡ ನಿಂತಳಂತೆ. “ಇಳಿಸಬ್ಯಾಡ್ರಿ. ಆರು ವರ್ಷ ನನ್ನ ಕೈಯಾಗ ಉಂಡಾನ. ಅವನೂ ನನ್ನ ಮಗನ.”

ಲಗಮಣ್ಣ ಬಹಳ ಹೊತ್ತು ಪದಕವನ್ನು ನೋಡಿದನಂತೆ. ಅವ್ವ ಹೇಳುವುದು ಸರಿ, ಇನ್ನು ಮೇಲೆ ಅದು ನನ್ನ ಜೋಡಿದಾರನ ಮುಖ, ಅಲ್ಲಿಯೇ ಇರಲಿ ಎಂದನಂತೆ. ಹೀಗೆ ಬಾಳವ್ವನಿಗೆ ಇಬ್ಬರು ಮಕ್ಕಳಾದರು. ಒಬ್ಬ ಅಂಗಳದಲ್ಲಿ, ಒಬ್ಬ ಜಗಲಿಯ ಮೇಲೆ. ಸಾಯುವವರೆಗೂ ಇಬ್ಬರ ಮೂಗನ್ನೂ ಸವರಿ, ಜಗಲಿಯ ಮೇಲಿನವನೇ ಹೆಚ್ಚು ಚೆಲುವ ಎನ್ನುತ್ತಿದ್ದಳಂತೆ.

ಲಗಮಣ್ಣ ಬಹಳ ವರ್ಷ ಬಾಳಿದ. ಮಗನನ್ನು ಕಂಡ, ಮೊಮ್ಮಕ್ಕಳನ್ನು ಕಂಡ. ಉಳಿದ ಎರಡು ಪದಕಗಳು ಆಮೇಲೆ ಬಂದವು. ಅವು ಬಂದಾಗ ಯಾರೂ ಅಳಲಿಲ್ಲ. ದಿನವೂ ಆ ನೆಗ್ಗಿದ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ, ದೋಣಿ ಇಳಿದು ಬರುವ ಪರಸ್ಥಳದವರಿಗೆ ಕುಡಿಯಲು ಕೊಡುತ್ತಿದ್ದನಂತೆ. ಆ ಬಾಟಲಿ ಎಂದೂ ಬರಿದಾಗುತ್ತಿರಲಿಲ್ಲ ಎಂದು ಊರಿನವರು ಹೇಳುತ್ತಾರೆ. ಒಂದು ದಿನ ಅವನೂ ಹೋದ. ಈ ಸಲ ನಿಜವಾಗಿ ಹೋದ.

ಓಣಿಯ ಹೆಂಗಸರು ಮತ್ತೆ ಬಂದರು, ಬಳೆ ಒಡೆಯಲು. ತಂಗೆವ್ವ ಈ ಸಲ ಕೈ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈ ಮುಂದೆ ಚಾಚಿದಳು. ಕೇಳಿದ್ದು ಒಂದೇ ಮಾತು.

“ಸಂಚಿ ಬಂತೇನ?”

ಬಳೆಗೆ ಕೈ ಹಾಕಿದವಳು ಕೈ ಹಿಂದೆ ತೆಗೆದಳು.

“ಸಂಚಿ ಬಂದ ದಿನಾ ತಗೀತೀನಿ ಅಂದಿದ್ದೆ. ಮಾತು ಅಂದ್ರ ಮಾತು.”

ಹೆಂಗಸರು ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. ಆಮೇಲೆ ಎದ್ದು ಮನೆಗೆ ಹೋದರು.

ನಾನು ಲಗಮಣ್ಣನ ಮೊಮ್ಮಗನ ಹೆಂಡತಿಯಾಗಿ ಈ ಮನೆಗೆ ಬಂದಾಗ ತಂಗೆವ್ವಜ್ಜಿ ಇನ್ನೂ ಇದ್ದರು, ಕೈತುಂಬ ಹಸಿರು ಬಳೆ ತೊಟ್ಟುಕೊಂಡು. ನಾನು ಕಾನ್ವೆಂಟಿನಲ್ಲಿ ಓದಿದವಳು. ಈ ನಾಲ್ಕು ಸಾಲಿನ ಕಾಗದವನ್ನು ಈ ಮನೆಯಲ್ಲಿ ಮೊದಲು ಓದಿದವಳು ನಾನೇ. ಗಾಯಗೊಂಡ ಸಿಪಾಯಿ ಚೇತರಿಸಿಕೊಳ್ಳುತ್ತಿದ್ದಾನೆ, ಅವನ ಇಚ್ಛೆಯಂತೆ ಪದಕವನ್ನು ಅವನ ತಾಯಿಗೆ ಕಳಿಸಲಾಗಿದೆ. ಅಷ್ಟೇ. ನಾನು ನಿಂತುಕೊಂಡು, ಸ್ಪಷ್ಟವಾಗಿ, ಒಂದೊಂದೇ ಸಾಲನ್ನು ಓದಿ ಅಜ್ಜಿಗೆ ಅರ್ಥ ಹೇಳಿದೆ. ಅವರು ಎಲೆ ಮಡಿಸುತ್ತ ಕೇಳಿದರು.

“ಇದು ನನಗ ಆವತ್ತ ಗೊತ್ತಿತ್ತವಾ,” ಎಂದರು. “ಇದಕ್ಕ ಇಷ್ಟು ಸಾಲಿ ಕಲೀಬೇಕಾತೇನ?”

ಈಗಲೂ ಎರೆಗಟ್ಟಿಯಲ್ಲಿ ಮಹಾನವಮಿ ಅಮಾವಾಸ್ಯೆಯ ದಿನ ಪ್ರತಿ ಮನೆಯಲ್ಲಿಯೂ ಒಂದು ಎಡೆ ಹೆಚ್ಚಿಗೆ ಇಡುತ್ತಾರೆ, ಹೆಸರು ತಿಳಿಯದ ಜೋಡಿದಾರನಿಗೆ. ಊರಿನಲ್ಲಿ ಯಾರ ಗಂಡ ತೀರಿಕೊಂಡರೂ ನಮ್ಮ ಮನೆಯಿಂದ ಈ ಕೌದಿಯನ್ನು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಆ ಹೆಂಗಸಿನ ಹೆಗಲಿಗೆ ಹೊದಿಸುತ್ತಾರೆ. ಹಿರಿಯಳೊಬ್ಬಳು, ಸಂಚಿ ಬಂತೇನ ಎಂದು ಕೇಳುತ್ತಾಳೆ. ಕೂಡಿದ ಹೆಂಗಸರೆಲ್ಲ, ಇನ್ನೂ ಬಂದಿಲ್ಲ ಎನ್ನುತ್ತಾರೆ. ಅವಳ ಬಳೆಗಳು ಅವಳ ಕೈಯಲ್ಲಿಯೇ ಉಳಿಯುತ್ತವೆ.

ನಿಮ್ಮ ಅಜ್ಜ ತೀರಿಕೊಂಡ ದಿನ ಈ ಕೌದಿಯನ್ನು ಬೇರೆ ಮನೆಯಿಂದ ತರುವ ಕೆಲಸವಿರಲಿಲ್ಲ. ಪೆಟ್ಟಿಗೆಯ ಬೀಗವನ್ನು ನಾನೇ ತೆಗೆದೆ. ಓಣಿಯ ಹಿರಿಯಳು, ಸಂಚಿ ಬಂತೇನ ಎಂದು ಕೇಳಿದಳು. ಆ ದಿನ ನನ್ನ ಬಾಯಿಗೆ ಇಂಗ್ಲಿಷೂ ಬರಲಿಲ್ಲ, ಓದಿದ ಕನ್ನಡವೂ ಬರಲಿಲ್ಲ. ಇನ್ನೂ ಬಂದಿಲ್ಲಬೇ ಯವ್ವಾ ಎಂದೆ.